ಕಾರ್ಣಿಕಕ್ಕೆ ಚಿತ್ರ ಬೇಕಿಲ್ಲ, ಸೂಪರ್‌ಹೀರೋ ಕಾದಂಬರಿಗೂ ಬೇಕಿಲ್ಲ

“ಚಿತ್ರ ಇಲ್ಲಂದ್ರ ಯಾವ ಹುಡುಗ ಓದ್ತಾನ್ರೀ?”

ಕಾಮಿಕ್ಸ್‌ನ ಸೂಪರ್‌ಹೀರೋ ಕಥೆಗಳನ್ನು ಕಾದಂಬರಿಯಾಗಿ ಬರೆಯಬೇಕು ಅಂದರೆ ಮೊದಲು ಬರುವ ಮಾತು ಇದು. ಮಾಸ್ತರೂ ಹೇಳುತ್ತಾರೆ, ಪುಸ್ತಕ ಮಾರುವವರೂ ಹೇಳುತ್ತಾರೆ. ಹಾರುವುದು, ಗುದ್ದುವುದು, ಕಟ್ಟಡ ಉರುಳುವುದು ಕಣ್ಣಿಗೆ ಕಾಣಬೇಕು, ಬರೀ ಅಕ್ಷರದಲ್ಲಿ ಏನು ಮಜಾ ಎಂಬುದು ಅವರ ವಾದ.

ಈ ವಾದವನ್ನು ಬೇರೆ ಊರಿನವರು ಒಪ್ಪಿದರೆ ಒಪ್ಪಲಿ. ದೇವರಗುಡ್ಡದ ಸುತ್ತಲಿನ ನಾವು ಒಪ್ಪಬಾರದು.

ಯಾಕೆ ಗೊತ್ತೇ? ದಸರಾದಲ್ಲಿ ಗುಡ್ಡಕ್ಕೆ ಬಂದವರನ್ನು ನೋಡಿ. ಗೊರವಯ್ಯ ಬಿಲ್ಲನ್ನೇರುತ್ತಾನೆ. “ಸದ್ದಲೇ” ಅನ್ನುತ್ತಾನೆ. ಅಷ್ಟು ದೊಡ್ಡ ಜಾತ್ರೆ ಉಸಿರು ಬಿಗಿ ಹಿಡಿಯುತ್ತದೆ. ಅವನು ನುಡಿಯುವುದು ಒಂದೇ ಒಂದು ಸಾಲು, ಕೊನೆಗೊಂದು “ಪರಾಕ್”. ಚಿತ್ರವಿಲ್ಲ, ಬಣ್ಣವಿಲ್ಲ. ಆದರೆ ಆ ಸಾಲನ್ನು ಹೊತ್ತು ಊರಿಗೆ ಹೋದವರು ಅದರಲ್ಲಿ ಮಳೆ ನೋಡುತ್ತಾರೆ, ಬೆಳೆ ನೋಡುತ್ತಾರೆ, ಬೆಂಗಳೂರಿನ ಕುರ್ಚಿಯನ್ನೂ ನೋಡುತ್ತಾರೆ. ಕಾರ್ಣಿಕ ನಿಜವಾಗುತ್ತದೋ ಇಲ್ಲವೋ ಎಂಬುದು ಬೇರೆ ಚರ್ಚೆ. ಒಂದು ಸಾಲಿನಿಂದ ಇಷ್ಟೆಲ್ಲ ಚಿತ್ರ ಕಟ್ಟಿಕೊಳ್ಳುವ ಜನರಿಗೆ ಬರೀ ಅಕ್ಷರ ಸಾಲದು ಅನ್ನುವುದು ಅವಮಾನ.

ಹೊರಗಿನ ಉದಾಹರಣೆ ಬೇಕೇ? ಸೂಪರ್‌ಮ್ಯಾನ್ ಕಾಮಿಕ್ಸ್ ಶುರುವಾಗಿದ್ದು 1938ರಲ್ಲಿ. ನಾಲ್ಕೇ ವರ್ಷಕ್ಕೆ, 1942ರಲ್ಲಿ, ಜಾರ್ಜ್ ಲೋಥರ್ ಎಂಬಾತ ಅದನ್ನು ಕಾದಂಬರಿಯಾಗಿ ಬರೆದ. ಮೊದಲ ಕಾಮಿಕ್ಸ್‌ನಲ್ಲಿ ಒಂದು ಚೌಕಟ್ಟಿನಲ್ಲಿ ಮುಗಿದುಹೋಗಿದ್ದ ಆ ದೂರದ ಗ್ರಹಕ್ಕೆ ಇಲ್ಲಿ ಜಾಗ ಸಿಕ್ಕಿತು. ಸಾಕಿದ ತಂದೆ ತಾಯಿ ಎಬೆನ್ ಮತ್ತು ಸಾರಾ ಎಂಬ ರೈತ ದಂಪತಿಗೂ ಸಿಕ್ಕಿತು. ಹೆತ್ತವರಿಗೆ ಇಂದು ಜಗತ್ತೆಲ್ಲ ಹೇಳುವ ಜೋರ್-ಎಲ್, ಲಾರಾ ಎಂಬ ಹೆಸರುಗಳ ರೂಪ ಬಂದದ್ದೂ ಆ ಕಾದಂಬರಿಯಿಂದಲೇ. ಚಿತ್ರದಿಂದ ಗದ್ಯ ಸಾಲ ಪಡೆಯಿತು, ಬಡ್ಡಿ ಸಮೇತ ತೀರಿಸಿತು.

ಫ್ಯಾಂಟಮ್ ಕಥೆಯೂ ಹಾಗೇ. ಲೀ ಫಾಕ್ 1936ರಲ್ಲಿ ಅದನ್ನು ಪತ್ರಿಕೆಯ ಚಿತ್ರಕಥೆಯಾಗಿ ಶುರು ಮಾಡಿದ. 1972ರಿಂದ ಅದರ ಕಾದಂಬರಿ ಮಾಲೆ ಬಂತು, ಮೊದಲನೆಯದನ್ನು ಲೀ ಫಾಕ್‌ನೇ ಬರೆದ. ಚಿತ್ರದಿಂದಲೇ ಹೆಸರು ಮಾಡಿದವನಿಗೂ ಅಕ್ಷರದಲ್ಲಿ ಹೇಳುವುದು ಇನ್ನೂ ಉಳಿದಿತ್ತು.

ನಮ್ಮಲ್ಲಿ ಏನಾಯಿತು? ಇಂದ್ರಜಾಲ ಕಾಮಿಕ್ಸ್ ಫ್ಯಾಂಟಮ್‌ನನ್ನು ಕನ್ನಡಕ್ಕೂ ತಂದಿತು. ಅಮರ ಚಿತ್ರಕಥೆ 1965ರಲ್ಲಿ ಮೊದಲು ಬಂದದ್ದೇ ಕನ್ನಡದಲ್ಲಿ. ಹೀಗೆ ಚಿತ್ರ ಬಂತು. ಚಿತ್ರದ ಮುಂದಿನ ಮೆಟ್ಟಿಲು, ಅಂದರೆ ಅದೇ ಹುಡುಗ ಹನ್ನೆರಡು ಹದಿಮೂರು ವರ್ಷಕ್ಕೆ ಕೈಗೆತ್ತಿಕೊಳ್ಳುವ ಇನ್ನೂರು ಪುಟದ ಸಾಹಸ ಕಾದಂಬರಿ, ನಮ್ಮ ಹಳ್ಳಿ ಕಪಾಟಿಗೆ ಬರಲಿಲ್ಲ. ಮೆಟ್ಟಿಲೇ ಇಲ್ಲದ ಕಡೆ ಹುಡುಗರು ಏರಲಿಲ್ಲ ಎಂದು ಬೈಯುವುದು ಯಾವ ನ್ಯಾಯ?

ಹಾಗಂತ ಚಿತ್ರ ನೋಡಿ ವರದಿ ಬರೆದರೆ ಕಾದಂಬರಿ ಆಗುವುದಿಲ್ಲ. “ಅವನು ಹಾರಿದ. ಢಮಾರ್ ಎಂದು ಗುದ್ದಿದ. ಕಳ್ಳ ಬಿದ್ದ.” ಇದನ್ನು ಚಿತ್ರವೇ ಚೆನ್ನಾಗಿ ಹೇಳುತ್ತದೆ. ಗುದ್ದುವ ಮೊದಲು ಕೈ ಯಾಕೆ ತಡೆಯಿತು, ಗುಟ್ಟು ಮುಚ್ಚಿಟ್ಟು ಅವ್ವನ ಮುಂದೆ ಊಟಕ್ಕೆ ಕುಳಿತಾಗ ತುತ್ತು ಹೇಗೆ ಇಳಿಯಿತು, ಇದು ಗದ್ಯದ ಕೆಲಸ. ಅದನ್ನು ಮಾಡದವರು ಬರೆಯುವುದೇ ಬೇಡ.

ಬರೆಯಲು ಕಥೆಗೆ ಬರವೇ? ಸೂಪರ್‌ಮ್ಯಾನ್‌ಗೆ ಕಂಪನಿಯ ಹಕ್ಕಿದೆ, ಅನುಮತಿ ಇಲ್ಲದೆ ಮುಟ್ಟುವಂತಿಲ್ಲ. ಮಾಲತೇಶನಿಗೆ ಯಾರ ಹಕ್ಕು? ಮಣಿಕಾಸುರ, ಮಲ್ಲಾಸುರರ ಕಾಟ, ಏಳು ಕೋಟಿ ದಂಡು ಕಟ್ಟಿ ಬಂದ ಮೈಲಾರ. ಇದೇ ದೇವರು ಜೇಜುರಿಯಲ್ಲಿ ಖಂಡೋಬ. ಗೊರವರು ಡಮರುಗ ಹಿಡಿದು ಹಾಡಿಕೊಂಡು ಬಂದ ಕಥೆ ಇದು.

“ದೇವರನ್ನ ಸೂಪರ್‌ಹೀರೋ ಮಾಡ್ತೀರೇನು?” ಎಂದು ಕೇಳುವವರಿದ್ದಾರೆ. ಇಲ್ಲ. ಮಾಲತೇಶನಿಗೆ ಬಿಗಿ ಚೊಣ್ಣ, ಬೆನ್ನಿಗೊಂದು ಶಾಲು ಹಾಕಿಸುವುದು ಬೇಡ. ಆ ಏಳು ಕೋಟಿಯಲ್ಲಿ ಒಬ್ಬ ಕುರಿಗಾಹಿ ಹುಡುಗನನ್ನು ಹಿಡಿಯಿರಿ. ಅವನ ಕಂಬಳಿ, ಅವನ ನಾಯಿ, ಅವನ ಹೆದರಿಕೆ ಬರೆಯಿರಿ. ದೇವರು ದೇವರಾಗಿಯೇ ಇರಲಿ, ಕಥೆ ನಮ್ಮದಾಗಲಿ.

ಇದು ಆಗದ ಮಾತೂ ಅಲ್ಲ. ಕನ್ನಡ ಕಾದಂಬರಿಯ ಪಿತಾಮಹ ಎನಿಸಿಕೊಂಡ ಗಳಗನಾಥರು ನಮ್ಮ ಹಾವೇರಿ ಸೀಮೆಯವರೇ. ಹರಿ ನಾರಾಯಣ ಆಪ್ಟೆಯವರ ಮರಾಠಿ ವೀರಕಥೆಗಳನ್ನು ಕನ್ನಡದ ಗದ್ಯಕ್ಕೆ ತಂದರು. ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಮಾರಿದರು. ಓದುಗರಿಲ್ಲ ಎಂದು ಕೈಕಟ್ಟಿ ಕೂರಲಿಲ್ಲ, ಓದುಗರನ್ನು ಹುಡುಕಿಕೊಂಡು ನಡೆದರು. ನಮಗೆ ಗಂಟು ಹೊರುವ ಕಷ್ಟವೂ ಇಲ್ಲ. ಒಂದು ಅಧ್ಯಾಯ ವಾಟ್ಸಾಪ್‌ನಲ್ಲಿ ಹೋಗುತ್ತದೆ, ಒಂದು ರೀಲ್‌ಗಿಂತ ಕಡಿಮೆ ಡೇಟಾ ತಿನ್ನುತ್ತದೆ.

ಇನ್ನೊಂದು ಲೆಕ್ಕ ನೋಡಿ. ಕಾಮಿಕ್ಸ್‌ಗೆ ಚಿತ್ರಕಾರ ಬೇಕು, ಬಣ್ಣದ ಮುದ್ರಣ ಬೇಕು, ದುಡ್ಡು ಬೇಕು. ಸಿನಿಮಾಕ್ಕೆ ಕೋಟಿ ಬೇಕು. ಅದಕ್ಕೇ ಆ ಕಥೆಗಳು ದೊಡ್ಡ ಊರಿನಲ್ಲಿ ಹುಟ್ಟುತ್ತವೆ, ನಾವು ಬರೀ ನೋಡುತ್ತೇವೆ. ಕಾದಂಬರಿಗೆ ಒಂದು ನೋಟ್‌ಬುಕ್ ಸಾಕು. ಬ್ಯಾಡಗಿಯ ಹುಡುಗಿ ಮೆಣಸಿನಕಾಯಿ ಘಾಟಿನ ನಡುವೆಯೇ ತನ್ನ ವೀರಳನ್ನು ಸೃಷ್ಟಿಸಬಹುದು. ನೋಡುವವರಾಗಿಯೇ ಉಳಿಯಬೇಕೋ, ಹೇಳುವವರಾಗಬೇಕೋ? ಜಗಳ ಇರುವುದು ಇಲ್ಲೇ.

ಪಂಚಾಯ್ತಿ ಗ್ರಂಥಾಲಯ ನಡೆಸುವವರಲ್ಲಿ ಒಂದು ಕೇಳಿಕೆ: ಸ್ಪರ್ಧಾತ್ಮಕ ಪರೀಕ್ಷೆಯ ಗೈಡುಗಳ ಪಕ್ಕದಲ್ಲಿ ಸಾಹಸ ಕಾದಂಬರಿಗೂ ಒಂದು ಸಾಲು ಜಾಗ ಬಿಡಿ. ಮಾಸ್ತರರಲ್ಲಿ ಇನ್ನೊಂದು: ದಸರಾ ರಜೆಗೆ ಪಾಠ ನಕಲು ಮಾಡಿಸುವ ಬದಲು, ಮಕ್ಕಳಿಗೆ ಮೆಚ್ಚಿನ ಕಾಮಿಕ್ಸ್‌ನ ಒಂದು ಪುಟ ಕೊಟ್ಟು, ಚಿತ್ರ ಮುಚ್ಚಿ, ಅದನ್ನೇ ಮಾತಿನಲ್ಲಿ ಬರೆಯಲು ಹೇಳಿ. ತಪ್ಪು ತಿದ್ದುವ ಮೊದಲು ಪೂರ್ತಿ ಓದಿ.