ಕೇಳದೆ ಉಳಿದ ಪಾಲು

ಬೇಸಿಗೆ ರಜೆ ಬಂತೆಂದರೆ ಎಲ್ಲರ ಮನೆಯಲ್ಲೂ ಒಂದೇ ಚರ್ಚೆ. ಊಟಿಯೋ, ಮಡಿಕೇರಿಯೋ? ಮಕ್ಕಳಿಬ್ಬರೂ ಕೆಲಸ ಹಿಡಿದು ಬೆಂಗಳೂರು ಸೇರಿದ ಮೇಲೆ ದಾವಣಗೆರೆಯ ನಮ್ಮ ಮನೆಯಲ್ಲಿ ಆ ಚರ್ಚೆಯೂ ನಿಂತುಹೋಗಿತ್ತು. ಈ ಸಲ ನಮ್ಮವರೇ ಮಾತೆತ್ತಿದರು. “ಇಪ್ಪತ್ತಾರು ವರ್ಷದಿಂದ ಮಕ್ಕಳಿಗೆ ಕಿತ್ತೂರಿನ ಪಾಠ ಹೇಳುತ್ತಿದ್ದೇನೆ. ಒಂದು ದಿನವೂ ಕೋಟೆಯೊಳಗೆ ಕಾಲಿಟ್ಟಿಲ್ಲ. ಹೋಗಿ ಬರೋಣವಾ?”

ಅವರು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರು. ಕಿತ್ತೂರಿಗೆ ಹತ್ತಿರದ ಬೈಲಹೊಂಗಲದಲ್ಲಿ ಅವರ ಅಕ್ಕ ಇದ್ದಾರೆ. ನಾವೆಲ್ಲ ಆಪಾ ಎಂದೇ ಕರೆಯುವುದು. ಹಿಂದೆ ಅಲ್ಲಿಗೆ ಹೋಗುವಾಗ ಬಸ್ಸಿನ ಕಿಟಕಿಯಿಂದ ಕಿತ್ತೂರಿನ ಫಲಕ ನೋಡಿದ್ದಷ್ಟೇ. ಈಗ ಆಪಾರ ಮನೆಗೂ ಹೋಗದೆ ಆರು ವರ್ಷವಾಗಿತ್ತು. ಕಾರಣ ನಮ್ಮಿಬ್ಬರಿಗೂ ಗೊತ್ತಿತ್ತು. ಬಾಯಿಬಿಟ್ಟು ಆಡಿರಲಿಲ್ಲ, ಅಷ್ಟೆ.

ಬೆಳಗಿನ ಬಸ್ಸು ಹಿಡಿದು ಹಾವೇರಿ, ಹುಬ್ಬಳ್ಳಿ, ಧಾರವಾಡ ದಾಟಿ ಕಿತ್ತೂರಿನಲ್ಲಿ ಇಳಿದಾಗ ಬಿಸಿಲು ನೆತ್ತಿಗೇರಿತ್ತು. ಅರಮನೆಯ ಮುರಿದ ಗೋಡೆಗಳ ನಡುವೆ ನಮ್ಮ ಮೇಷ್ಟ್ರು ಚಿಕ್ಕ ಹುಡುಗನಂತೆ ಓಡಾಡಿದರು. ಪ್ರವಾಸಕ್ಕೆ ಬಂದಿದ್ದ ಒಂದಷ್ಟು ಮಕ್ಕಳು ಸಿಕ್ಕಿದ್ದೇ ತಡ, ಪಾಠ ಶುರುವಾಯಿತು.

1824ರಲ್ಲಿ ಕಿತ್ತೂರಿನ ದೊರೆ ಶಿವಲಿಂಗರುದ್ರಸರ್ಜ ಮಕ್ಕಳಿಲ್ಲದೆ ತೀರಿಕೊಂಡ. ದತ್ತು ತೆಗೆದುಕೊಂಡ ಮಗನನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪಲಿಲ್ಲ. ಅರಮನೆಯ ಭಂಡಾರಕ್ಕೆ ಮೊಹರು ಹಾಕಿಸಿದ. ರಾಣಿ ಚೆನ್ನಮ್ಮ ತಲೆಬಾಗಲಿಲ್ಲ. ಅಕ್ಟೋಬರ್ 23ರಂದು ಇದೇ ಕೋಟೆಯ ಬಾಗಿಲಲ್ಲಿ ಥ್ಯಾಕರೆ ಸತ್ತ. ಸೆರೆ ಸಿಕ್ಕ ಇಬ್ಬರು ಅಧಿಕಾರಿಗಳು ಎಲಿಯಟ್ ಮತ್ತು ಸ್ಟೀವನ್‌ಸನ್. ಮುಂದೆ ಕನ್ನಡ ನಾಡಿನ ಶಾಸನಗಳನ್ನು ಹುಡುಕಿ ಪ್ರತಿ ಮಾಡಿಸಿದ ವಾಲ್ಟರ್ ಎಲಿಯಟ್ ಎಂಬವನು ಈ ಎಲಿಯಟ್‌ನೇ. ಅವರಿಬ್ಬರೂ ಜೀವಸಹಿತ ಬಿಡುಗಡೆಯಾದರು. ಆದರೆ ಡಿಸೆಂಬರಿನಲ್ಲಿ ಕಂಪೆನಿ ದೊಡ್ಡ ಸೈನ್ಯದೊಂದಿಗೆ ಬಂದು ಕೋಟೆ ಹಿಡಿಯಿತು. 1857ಕ್ಕೆ ಮೂವತ್ತಮೂರು ವರ್ಷ ಮೊದಲಿನ ಮಾತಿದು. 2007ರಲ್ಲಿ ದೆಹಲಿಯ ಸಂಸತ್ ಭವನದ ಆವರಣದಲ್ಲಿ ಈ ರಾಣಿಯ ಪ್ರತಿಮೆ ನಿಂತಿತು.

“ಅಂದರೆ ಅವರ ಮನೆಯ ಹಕ್ಕನ್ನು ಬೇರೆಯವರು ಕಿತ್ತುಕೊಂಡರಾ ಸಾರ್?” ಎಂದು ಒಬ್ಬಳು ಹುಡುಗಿ ಕೇಳಿದಳು. “ಹೌದಮ್ಮಾ” ಎಂದವರು ಮತ್ತೆ ಮಾತಾಡಲಿಲ್ಲ. ಮಕ್ಕಳು ಹೋದ ಮೇಲೆ ಒಂದು ಕಲ್ಲಿನ ಮೇಲೆ ಕುಳಿತುಬಿಟ್ಟರು. ನನಗೂ ಎದೆಯಲ್ಲಿ ಏನೋ ಚುಚ್ಚಿದಂತಾಯಿತು.

ಆರು ವರ್ಷದ ಹಿಂದೆ ಅತ್ತೆಯ ಹೆಸರಿನಲ್ಲಿದ್ದ ಹಳೆಯ ಮನೆ ಮಾರಿದೆವು. ಮಗಳ ಕಾಲೇಜಿನ ಫೀಸು ಕಟ್ಟುವ ಸಮಯವದು. ಹೆಣ್ಣುಮಕ್ಕಳಿಗೆ ಪಾಲುಂಟೆಂದು ಕುರ್‌ಆನ್ ಸ್ಪಷ್ಟವಾಗಿ ಹೇಳಿದೆ. ನಮಗದು ಗೊತ್ತಿರಲಿಲ್ಲವೇ? ಆಪಾ ಕೇಳಲಿಲ್ಲ, ನಾವು ಕೊಡಲಿಲ್ಲ. ಕೇಳಲಿಲ್ಲವೆಂದರೆ ಬೇಡವೆಂದೇ ಅರ್ಥ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆವು. ತಪ್ಪು ಇವರೊಬ್ಬರದೇ ಅಲ್ಲ. ಆ ಹಣದ ಲೆಕ್ಕ ಬರೆದಿಟ್ಟವಳು ನಾನೇ.

“ಇವತ್ತು ಮಾತಾಡಿಬಿಡಿ” ಎಂದೆ. ಅವರು ತಲೆಯಾಡಿಸಿದರು.

ಸಂಜೆ ಬೈಲಹೊಂಗಲ ತಲುಪಿದಾಗ ಆಪಾ ಹೊಲಿಗೆ ಯಂತ್ರದ ಮುಂದೆ ಕುಳಿತಿದ್ದರು. ಭಾವ ತೀರಿಕೊಂಡ ಮೇಲೆ ಅದೇ ಅವರ ಜೀವನಾಧಾರ. ಊಟವಾದ ಮೇಲೆ ಇವರು ತಡವರಿಸುತ್ತಾ ವಿಷಯ ತೆಗೆದರು. “ಆಪಾ, ಮನೆಯಲ್ಲಿ ನಿನ್ನ ಪಾಲು ನನ್ನ ಹತ್ತಿರವೇ ಉಳಿದಿದೆ. ಒಟ್ಟಿಗೆ ಕೊಡಲು ಈಗ ಆಗದು. ತಿಂಗಳು ತಿಂಗಳು ಕೊಡುತ್ತೇನೆ.”

ಆಪಾ ‘ಬೇಡ’ ಎನ್ನುತ್ತಾರೆಂದು ನಾನು ಎಣಿಸಿದ್ದೆ. ಅನ್ನಲಿಲ್ಲ. ಮೂವತ್ತು ವರ್ಷದ ವಾಸದಿಂದ ಅವರ ಮಾತಿಗೆ ಆ ಕಡೆಯ ಕನ್ನಡವೇ ಹತ್ತಿದೆ. “ತಗೋತೀನಿ. ಅದು ಅಮ್ಮಂದು, ಬ್ಯಾಡ ಅನ್ನಂಗಿಲ್ಲ. ಆದ್ರ ಆರು ವರ್ಷ ಬರೇ ಫೋನಿನಾಗ ‘ಹುಷಾರದೀಯಾ’ ಅಂತ ಕೇಳಿದಿ ಅಲ್ಲ, ಅದನ್ನ ಯಾವ ಲೆಕ್ಕದಾಗ ಬರೀತಿ?” ಎಂದರು.

ಇವರ ಕಣ್ಣು ತುಂಬಿತು. ಬಟ್ಟೆಯ ಅಳತೆ ಬರೆಯುವ ಅದೇ ಪುಸ್ತಕದಲ್ಲಿ ಮೊತ್ತ ಬರೆದು ಸಹಿ ಹಾಕಿದರು. ಸಾಕ್ಷಿಯೆಂದು ನಾನೂ ಹಾಕಿದೆ.

ಮರುದಿನ ಬೆಳಿಗ್ಗೆ ಆಪಾ ಮಂಡಿನೋವಿನಲ್ಲೂ ನಮ್ಮನ್ನು ಚೆನ್ನಮ್ಮನ ಸಮಾಧಿಗೆ ಕರೆದೊಯ್ದರು. ಕೋಟೆ ಬಿದ್ದ ಮೇಲೆ ರಾಣಿಯನ್ನು ಸೆರೆಯಿಟ್ಟಿದ್ದು ಇದೇ ಊರಿನಲ್ಲಿ. 1829ರಲ್ಲಿ ಕೊನೆಯುಸಿರೆಳೆದದ್ದೂ ಇಲ್ಲೇ. ಅವಳಿಗಾಗಿ ಹೋರಾಡಿದ ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದರು. ಅಕ್ಕ ತಮ್ಮ ಇಬ್ಬರೂ ನೆರಳಿನಲ್ಲಿ ಕುಳಿತು ತಮ್ಮ ಬಾಲ್ಯದ ಸುದ್ದಿ ತೆಗೆದು ನಗುತ್ತಿದ್ದರು. ಆ ನಗು ಕೇಳಿ ನನಗೆ ಎಷ್ಟೋ ಕಾಲವಾಗಿತ್ತು.

ಸೋದರಿಯರೇ, ರಜೆಯಲ್ಲಿ ಕೋಟೆ ಕೊತ್ತಲ ನೋಡಿ, ಮಕ್ಕಳಿಗೂ ತೋರಿಸಿ. ಆದರೆ ಹೊರಡುವ ಮೊದಲು ನಿಮ್ಮ ಮನೆಯ ಹಳೆಯ ಲೆಕ್ಕದ ಪುಸ್ತಕವನ್ನೊಮ್ಮೆ ತೆರೆದು ನೋಡಿ. ಕೇಳಲು ನಾಚಿ ಸುಮ್ಮನಿರುವ ಅಕ್ಕನೋ ತಂಗಿಯೋ ಅದರಲ್ಲಿ ಇದ್ದರೆ, ಪ್ರಯಾಣದ ಮೊದಲ ಟಿಕೆಟ್ ಅವಳ ಊರಿಗಿರಲಿ.