ಮೂರನೇ ಗುಂಪಿನ ಅಳತೆ ಸರಿಯಿತ್ತು

ನಮ್ಮ ಬೋಧನಾಭ್ಯಾಸದ ವೀಕ್ಷಣಾ ನಮೂನೆಯಲ್ಲಿ ‘ಬೋಧನೋಪಕರಣಗಳ ಬಳಕೆ’ ಎಂಬ ಅಂಕಣವಿದೆ. ಉಪಕರಣ ಸರಿ ಹೇಳುತ್ತಿದೆಯೇ ಎಂದು ಪ್ರಶಿಕ್ಷಣಾರ್ಥಿ ಪರೀಕ್ಷಿಸಿದರೇ ಎಂದು ಕೇಳುವ ಅಂಕಣವಿಲ್ಲ. ಅದು ಬೇಕು ಎನ್ನುವುದು ನನ್ನ ವಾದ. ಹೀಗೆ ಹೇಳಲು ಕಾರಣ, ಸಿದ್ದಾಪುರದ ಒಂದು ಪ್ರೌಢಶಾಲೆಯಲ್ಲಿ ನಾನೇ ಹಾಕಿದ ಅಂಕಗಳು.

ಒಂಬತ್ತನೇ ತರಗತಿ, ‘ಶಬ್ದ’ ಘಟಕ. ಪ್ರಶಿಕ್ಷಣಾರ್ಥಿ ಅಚ್ಚುಕಟ್ಟಾಗಿ ಸಿದ್ಧರಾಗಿ ಬಂದಿದ್ದರು. ನಾಲ್ಕು ಇಂಚಿನ ಪಿವಿಸಿ ಪೈಪಿನ ತಳ ಮುಚ್ಚಿ ನೀರು ತುಂಬಿ, ಅದರೊಳಗೆ ಒಂದು ಇಂಚಿನ ಪೈಪನ್ನು ಏರಿಸಿ ಇಳಿಸುವ ಅನುನಾದ ನಳಿಕೆ. ಮೇಲೆ ಸಣ್ಣ ಸ್ಪೀಕರ್. ಅದಕ್ಕೆ ಸ್ವರ ಕೊಡಲು ಎಕ್ಸ್‌ಆರ್ 2206 ಚಿಪ್ಪಿನ ಅಗ್ಗದ ಸಿಗ್ನಲ್ ಜನರೇಟರ್ ಕಿಟ್, ತಾವೇ ಬೆಸೆದದ್ದು. ಪಾಠದ ಆರಂಭದಲ್ಲಿ ಮೊಬೈಲಿನ ಫೈಫಾಕ್ಸ್ ಆ್ಯಪ್ ನೋಡಿ 512 ಹರ್ಟ್ಸ್‌ಗೆ ಹೊಂದಿಸಿ, ಜನರೇಟರನ್ನು ಕಿಟಕಿಯ ಕಟ್ಟೆಯ ಮೇಲೆ ಇಟ್ಟರು. ಮಾರ್ಚ್ ತಿಂಗಳು, ಕೋಣೆಯ ಉಷ್ಣಮಾಪಕ 38 ಡಿಗ್ರಿ ತೋರಿಸುತ್ತಿತ್ತು.

ಮೂರು ಗುಂಪುಗಳು ಒಂದಾದ ಮೇಲೊಂದು ಬಂದವು. ಎರಡು ಅನುನಾದ ಸ್ಥಾನಗಳ ನಡುವಿನ ಅಂತರ ಮೊದಲ ಗುಂಪಿಗೆ 34.6 ಸೆಂ.ಮೀ., ಎರಡನೆಯದಕ್ಕೆ 33.6, ಮೂರನೆಯದಕ್ಕೆ 32.8. ಅದನ್ನು ಎರಡರಿಂದಲೂ 512ರಿಂದಲೂ ಗುಣಿಸಿದಾಗ ಶಬ್ದದ ವೇಗ ಕ್ರಮವಾಗಿ ಸೆಕೆಂಡಿಗೆ 354, 344, 336 ಮೀಟರ್. ಪಠ್ಯಪುಸ್ತಕದಲ್ಲಿ 344 ಇದೆ. ಎರಡನೇ ಗುಂಪಿಗೆ ಚಪ್ಪಾಳೆ. ಮೂರನೇ ಗುಂಪಿನ ಹುಡುಗಿಗೆ ‘ಸ್ಕೇಲನ್ನು ನೇರ ಹಿಡಿಯಬೇಕಮ್ಮ’ ಎಂಬ ಬುದ್ಧಿಮಾತು. ಅವಳು ರಬ್ಬರಿನಿಂದ ತನ್ನ ಅಂಕಿ ಅಳಿಸಿ 344 ಬರೆದುಕೊಂಡಳು. ಹಿಂದಿನ ಬೆಂಚಿನಲ್ಲಿದ್ದ ನಾನು ಅದನ್ನು ನೋಡಿದೆ, ಸುಮ್ಮನಿದ್ದೆ. ಹಿಮ್ಮಾಹಿತಿಯಲ್ಲಿ ‘ಮೂರನೇ ಗುಂಪಿಗೆ ಅಳತೆಯ ಅಭ್ಯಾಸ ಸಾಲದು’ ಎಂದು ಬರೆದು ಒಳ್ಳೆಯ ಅಂಕ ಹಾಕಿದೆ.

ಪಠ್ಯದ 344 ಎಂಬುದು 22 ಡಿಗ್ರಿಯ ಮಾತು. 38 ಡಿಗ್ರಿಯಲ್ಲಿ ವೇಗ 354ರ ಹತ್ತಿರ ಇರಬೇಕು. ಇಪ್ಪತ್ತು ವರ್ಷ ಭೌತವಿಜ್ಞಾನ ಹೇಳಿದ ನನಗೆ ಅದು ಆ ಕ್ಷಣ ಹೊಳೆಯಲಿಲ್ಲ. ಪ್ರಶಿಕ್ಷಣಾರ್ಥಿಗೆ ಅನುಮಾನ ಬಂದದ್ದು ಬೇರೆ ಕಾರಣಕ್ಕೆ: ಮೂರೂ ಅಂಕಿ ಒಂದೇ ದಿಕ್ಕಿನಲ್ಲಿ ಇಳಿದಿದ್ದವು. ಮಕ್ಕಳ ತಪ್ಪು ಹಾಗೆ ಸಾಲಾಗಿ ನಿಲ್ಲುವುದಿಲ್ಲ. ಸಂಜೆ ಕಾಲೇಜಿನಲ್ಲಿ ಕಿಟ್ಟನ್ನು ಬಿಸಿಲಿಗಿಟ್ಟು ಆ್ಯಪ್ ಮುಂದೆ ಕೂತರು. ಅರ್ಧ ಗಂಟೆಯಲ್ಲಿ 512 ಇದ್ದದ್ದು 540ಕ್ಕೆ ಏರಿತ್ತು.

ಎಲ್ಲರ ಮೊದಲ ಉತ್ತರ ಕರೆಂಟು. ಕಾರಟಗಿ–ಸಿದ್ದಾಪುರದ ಕಡೆ ಏನು ಕೆಟ್ಟರೂ ರೈಸ್ ಮಿಲ್ಲಿನ ಲೋಡಿನ ಮೇಲೆ ಹಾಕುವುದು ರೂಢಿ. ಹಾಗಾಗಿ ಅಡಾಪ್ಟರ್ ತೆಗೆದು, ಭತ್ತದ ಗದ್ದೆಗೆ ಔಷಧ ಹೊಡೆಯುವ ಪಂಪಿನ 12 ವೋಲ್ಟ್ ಬ್ಯಾಟರಿ ಜೋಡಿಸಿದೆವು. ಆವೃತ್ತಿ ಹಾಗೆಯೇ ಏರಿತು. ಕರೆಂಟು ನಿರ್ದೋಷಿ. ಆವೃತ್ತಿ ಹೊಂದಿಸುವ ತಿರುಗುಗುಂಡಿ ಅಲ್ಲಾಡಿಸಿದರೆ ಅಂಕಿ ಜಿಗಿಯುತ್ತಿತ್ತು. ಆದರೆ ನಮ್ಮದು ಜಿಗಿತವಲ್ಲ, ತೆವಳು. ಚಿಪ್ಪಿನ ಮೇಲೆ ಸಂಶಯವಿತ್ತು, ಆದರೆ ಅದರ ತಯಾರಕರ ವಿವರಪತ್ರದ ಪ್ರಕಾರ ಡಿಗ್ರಿಗೆ ಹತ್ತು ಲಕ್ಷದಲ್ಲಿ 20 ಭಾಗದಷ್ಟೇ ಬದಲಾವಣೆ. ಹತ್ತು ಡಿಗ್ರಿ ಏರಿದರೂ 512ರಲ್ಲಿ 0.1 ಹರ್ಟ್ಸ್ ಮಾತ್ರ. ಕೊನೆಗೆ ಬೆಸುಗೆ ಕಡ್ಡಿಯ ತುದಿಯನ್ನು, ತಾಗಿಸದೆ, ಸೆರಾಮಿಕ್ ಕೆಪಾಸಿಟರಿನ ಹತ್ತಿರ ಹಿಡಿದೆವು. ಅಂಕಿ ಓಡತೊಡಗಿತು. ಬಾಯಿಯಿಂದ ಗಾಳಿ ಊದಿದರೆ ಹಿಂದಕ್ಕೆ ಬಂತು.

ಈ ಚಿಪ್ಪಿನಲ್ಲಿ ಆವೃತ್ತಿ ಎಂದರೆ ರೋಧ ಮತ್ತು ಧಾರಕತೆಯ ಗುಣಲಬ್ಧದ ವಿಲೋಮ. ಅಗ್ಗದ ಸೆರಾಮಿಕ್ ಬಿಸಿಯಾದಾಗ ಧಾರಕತೆ ಕಳೆದುಕೊಳ್ಳುತ್ತದೆ, ಆವೃತ್ತಿ ಏರುತ್ತದೆ. ವೈ5ವಿ ಎಂಬ ವರ್ಗದವಕ್ಕಂತೂ −30ರಿಂದ 85 ಡಿಗ್ರಿಯೊಳಗೆ ಶೇ. 82ರವರೆಗೆ ಕುಸಿಯಲು ಮಾನಕವೇ ಅವಕಾಶ ಕೊಡುತ್ತದೆ. ಅದನ್ನು ಕಿತ್ತು ಅದೇ ಬೆಲೆಯ (0.1 ಮೈಕ್ರೋಫ್ಯಾರಡ್) ಪಾಲಿಯೆಸ್ಟರ್ ಕೆಪಾಸಿಟರ್ ಹಾಕಿದೆವು, ಬೆಲೆ ಎಂದರೆ ಇಲ್ಲಿ ಧಾರಕತೆಯ ಬೆಲೆ, ರೂಪಾಯಿಯಲ್ಲೂ ಚಹಾದ ದುಡ್ಡು ದಾಟಲಿಲ್ಲ. ಅದೇ ಬಿಸಿಲಿನಲ್ಲಿ ಅರ್ಧ ಗಂಟೆಗೆ ಎರಡು ಹರ್ಟ್ಸ್ ಇಳಿಯಿತು. ಇಳಿದದ್ದೂ ಸರಿಯೇ: ಪಾಲಿಯೆಸ್ಟರಿನ ಧಾರಕತೆ ಬಿಸಿಗೆ ತುಸು ಏರುತ್ತದೆ.

ಅಗ್ಗದ ಕಿಟ್ಟು ಶಾಲೆಗೆ ಒಯ್ಯಬೇಡಿ ಎನ್ನುವ ಸಹೋದ್ಯೋಗಿಗಳಿದ್ದಾರೆ. ನಾನು ಒಪ್ಪುವುದಿಲ್ಲ. ಗಾಜಿನ ಕಪಾಟಿನಲ್ಲಿ ಬೀಗ ಹಾಕಿಟ್ಟ ದುಬಾರಿ ಜನರೇಟರಿನಿಂದ ಆ ಹುಡುಗಿಗೆ ಏನೂ ಸಿಗುತ್ತಿರಲಿಲ್ಲ. ಒಯ್ಯುವ ಮುನ್ನ ಅರ್ಧ ಗಂಟೆ ಚಾಲೂ ಇಡಿ, ನೆರಳಿನಲ್ಲಿಡಿ, ಪ್ರತಿ ಗುಂಪಿನ ಮುಂಚೆಯೂ ಆವೃತ್ತಿ ನೋಡಿ ಮಕ್ಕಳ ಕೈಯಲ್ಲೇ ಬರೆಸಿ ಎನ್ನುತ್ತೇನೆ. ನಲವತ್ತು ನಿಮಿಷದಲ್ಲಿ ಇದಕ್ಕೆಲ್ಲ ಸಮಯವೆಲ್ಲಿ ಎಂಬ ಪ್ರಶ್ನೆ ನ್ಯಾಯವಾದದ್ದೇ. ಮೂರು ಗುಂಪಿನ ಬದಲು ಎರಡೇ ಸಾಕು.

ಮುಂದಿನ ವಾರ ಪ್ರಶಿಕ್ಷಣಾರ್ಥಿ ಅದೇ ತರಗತಿಗೆ ಹೋಗಿ, ತಾವು ತಪ್ಪಿದ್ದನ್ನು ಹೇಳಿ, ಏರಿದ ಆವೃತ್ತಿಯ ನಕ್ಷೆ ಹಲಗೆಯ ಮೇಲೆ ಬರೆದರು. ಮಕ್ಕಳು 512ರ ಜಾಗದಲ್ಲಿ 540 ಹಾಕಿ ಮತ್ತೆ ಲೆಕ್ಕ ಮಾಡಿದರು. ಮೂರನೇ ಗುಂಪಿಗೂ 354 ಬಂತು. ಆ ಹುಡುಗಿ ಅಳಿಸಿದ ಜಾಗದ ಮೇಲೆ 32.8ನ್ನು ಮತ್ತೆ ಬರೆದಳು. ಬರೆದು, ‘ಹಂಗಾದ್ರ ಚಪ್ಪಾಳಿ ಹೊಡದ್ವಲ್ಲ, ಅವ್ರದು ತಪ್ಪೇನ್ರಿ ಟೀಚರ್?’ ಎಂದಳು. ಆ ಚರ್ಚೆಯಲ್ಲೇ ಗಂಟೆ ಬಾರಿಸಿತು. ಅಂದಿನ ಪ್ರತಿಧ್ವನಿಯ ಪಾಠ ಆರಂಭವೇ ಆಗಲಿಲ್ಲ. ನಮೂನೆಯಲ್ಲಿ ‘ಯೋಜಿತ ಉದ್ದೇಶ ಈಡೇರಿದೆ’ ಎಂಬ ಸಾಲಿನ ಮುಂದೆ ನಾನು ‘ಇಲ್ಲ’ ಎಂದು ಬರೆಯಬೇಕಾಯಿತು. ಹೀಗಾಗಿ ದಾಖಲೆಯಲ್ಲಿ ಈ ಎರಡನೇ ಪಾಠದ ಅಂಕ ಮೊದಲನೆಯದಕ್ಕಿಂತ ಕಡಿಮೆ ಇದೆ. ಮುಂದಿನ ಬೋಧನಾಭ್ಯಾಸ ಶುರುವಾಗುವ ಮೊದಲು ಆ ನಮೂನೆಯನ್ನು ವಿಭಾಗದ ಸಭೆಗೆ ತರಬೇಕೆಂದು ಕೇಳುತ್ತಿದ್ದೇನೆ.