ವ್ಯಾಪಾರಿಗಳಿಗೆ ಕಿವಿಮಾತು: ಲಾರಿ ಆಫೀಸು ಬದಲಿಸುವ ಮುನ್ನ

ಆದೋನಿಯಲ್ಲಿ ಹತ್ತಿಯ ಸುಗ್ಗಿ ಮುಗಿದು ಆಷಾಢ ಬಂತೆಂದರೆ ಲಾರಿಗಳಿಗೆ ಲೋಡು ಕಡಿಮೆ. ಆಗ ಹೊಸ ಟ್ರಾನ್ಸ್‌ಪೋರ್ಟಿನವರು ಕಡಿಮೆ ಬಾಡಿಗೆ ಹೇಳಿಕೊಂಡು ಅಂಗಡಿಗೆ ಬರುತ್ತಾರೆ. ಬದಲಿಸುವುದು ತಪ್ಪಲ್ಲ, ಬಂಧುಗಳೇ. ಆದರೆ ಬಾಡಿಗೆಯೊಂದನ್ನೇ ನೋಡಬೇಡಿರಿ.

2007ರ ರಸ್ತೆ ಸಾಗಣೆ ಕಾಯ್ದೆಯಂತೆ ಅವರಿಗೆ ನೋಂದಣಿ ಇದೆಯೇ ಕೇಳಿರಿ. ಹೆಚ್ಚಿನ ದರ ಒಪ್ಪಿ, ಹೆಚ್ಚಿನ ಹೊಣೆಯನ್ನು ಬರವಣಿಗೆಯಲ್ಲಿ ಹೊರಿಸದಿದ್ದರೆ, ಮಳೆಗೆ ಮಾಲು ನೆನೆದಾಗ ಸಿಗುವ ಪರಿಹಾರ ಸಾಮಾನ್ಯವಾಗಿ ಬಾಡಿಗೆಯ 10 ಪಟ್ಟಿನೊಳಗೇ. ಬಾಡಿಗೆ ಇಳಿದಷ್ಟೂ ಪರಿಹಾರವೂ ಇಳಿಯಿತು! ನಷ್ಟವಾದರೆ ಬುಕ್ ಮಾಡಿದ 180 ದಿನಗಳೊಳಗೆ ಲಿಖಿತ ನೋಟೀಸು ಕೊಡಲೇಬೇಕು, ಬಿಲ್ಟಿ ಜೋಪಾನ.

ಹಳಬರ ಲೆಕ್ಕ ಚುಕ್ತಾ ಮಾಡಿ, ಸ್ನೇಹ ಉಳಿಸಿಕೊಳ್ಳಿರಿ. ದೀಪಾವಳಿಯ ನೂಕುನುಗ್ಗಲಿನಲ್ಲಿ ಲಾರಿ ಮೊದಲು ಬರುವುದು ಮಾತು ಉಳಿಸಿಕೊಂಡವರ ಅಂಗಡಿಗೆ.